ಬೋನಸ್ ಹಿಂದಿನ ದಿನ ಪುಟ್ ಕೊಂಡರೆ ಲಾಭ ಖಚಿತವೇ?

ಕೋಲಾರದ ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸುತ್ತುತ್ತಿರುವ ಸಂದೇಶ ಇದು: ‘1:1 ಬೋನಸ್ ಜಾರಿಯಾದ ದಿನ ಷೇರಿನ ಬೆಲೆ ಅರ್ಧಕ್ಕೆ ಇಳಿಯುತ್ತದೆ. ಹಿಂದಿನ ದಿನವೇ ಪುಟ್ ಆಪ್ಷನ್ ಕೊಳ್ಳಿ, ಲಾಭ ಖಚಿತ.’

1:1 ಬೋನಸ್ ಎಂದರೆ ಕೈಯಲ್ಲಿರುವ ಪ್ರತಿ ಷೇರಿಗೆ ಇನ್ನೊಂದು ಷೇರು ಉಚಿತ. ಪುಟ್ ಆಪ್ಷನ್ ಎಂದರೆ ಷೇರನ್ನು ಮೊದಲೇ ಗೊತ್ತುಮಾಡಿದ ಬೆಲೆಗೆ (ಸ್ಟ್ರೈಕ್) ಮಾರುವ ಹಕ್ಕು; ಷೇರಿನ ಬೆಲೆ ಇಳಿದಷ್ಟೂ ಅದರ ಬೆಲೆ ಏರುತ್ತದೆ. ಬೋನಸ್ ದಿನ ಷೇರಿನ ಬೆಲೆ ಇಳಿಯುವುದು ನಿಜ. ಲಾಭದ ಮಾತು ಸುಳ್ಳು.

ಎಪಿಎಂಸಿಗೆ ಬಂದ 15 ಕಿಲೋ ಟೊಮೆಟೊ ಬಾಕ್ಸನ್ನು ಏಳೂವರೆ ಕಿಲೋದ ಎರಡು ಬಾಕ್ಸ್ ಮಾಡಿದರೆ ಒಂದೊಂದರ ಬೆಲೆ ಅರ್ಧವಾಗುತ್ತದೆ. ಅದನ್ನು ನೋಡಿ ದರ ಕುಸಿಯಿತೆಂದು ಯಾವ ರೈತನೂ ಎದೆ ಬಡಿದುಕೊಳ್ಳುವುದಿಲ್ಲ. ಷೇರು ವಿನಿಮಯ ಕೇಂದ್ರದ ಲೆಕ್ಕವೂ ಇಷ್ಟೇ ಸರಳ. 2024ರ ಅಕ್ಟೋಬರ್ 28ರಂದು ರಿಲಯನ್ಸ್‌ನ 1:1 ಬೋನಸ್ ಜಾರಿಯಾದಾಗ ಲಾಟ್ (ಒಂದು ಆಪ್ಷನ್ ಒಪ್ಪಂದದಲ್ಲಿರುವ ಷೇರುಗಳ ಸಂಖ್ಯೆ) 250ರಿಂದ 500 ಷೇರಿಗೆ ಏರಿತು, 2,700 ರೂಪಾಯಿಯ ಸ್ಟ್ರೈಕ್ 1,350 ಆಯಿತು. ಗುಣಿಸಿ ನೋಡಿ, ಎರಡೂ ಕಡೆ 6,75,000. ಪುಟ್ ಕೊಂಡವರ ಕೈಗೆ ಬೋನಸ್ಸಿನಿಂದ ಬಿಡಿಗಾಸೂ ಬರಲಿಲ್ಲ.

ಲಾಭಾಂಶದ ಕಥೆ ಸ್ವಲ್ಪ ಬೇರೆ. ಕಂಪನಿ ಲಾಭಾಂಶ ಕೊಡುವಾಗಲೂ ಷೇರಿನ ಬೆಲೆ ಸುಮಾರು ಅಷ್ಟೇ ಇಳಿಯುತ್ತದೆ. ಆದರೆ ಲಾಭಾಂಶ ಷೇರಿನ ಮಾರುಕಟ್ಟೆ ಬೆಲೆಯ ಶೇ 2ಕ್ಕಿಂತ ಕಡಿಮೆಯಿದ್ದರೆ ಸ್ಟ್ರೈಕ್ ಬದಲಾಗುವುದಿಲ್ಲ. ‘ಹಾಗಾದರೆ ಅಲ್ಲಾದರೂ ಕಾಸು ಸಿಗುತ್ತದಲ್ಲ?’ ಎಂದು ಗುಂಪಿನ ಗೆಳೆಯನೊಬ್ಬ ಆಗಲೇ ಕೇಳಿದ್ದಾನೆ. ಲಾಭಾಂಶ ಮೊದಲೇ ಘೋಷಣೆಯಾಗಿರುತ್ತದೆ; ಆ ಇಳಿಕೆಯನ್ನು ಲೆಕ್ಕ ಹಾಕಿಯೇ ಪುಟ್ ಮಾರುವವರು ಪ್ರೀಮಿಯಂ (ಪುಟ್‌ನ ಬೆಲೆ) ಕೇಳುತ್ತಾರೆ.