ಕಂಬಳಿಯೊಳಗಿನ ವೆನಿಲ್ಲಾ

ಮನೆಯಲ್ಲಿ ವೆನಿಲ್ಲಾ ಬಳ್ಳಿ ಬೆಳೆಸುವವರನ್ನು ಜನ ವಿಚಾರಿಸುವುದೆಲ್ಲ ಅದರ ಹೂವಿನ ಬಗ್ಗೆ. ಮುಂಜಾನೆ ಅರಳಿ ಮಧ್ಯಾಹ್ನದ ಹೊತ್ತಿಗೆ ಬಾಡಿಬಿಡುವ ಆ ಹೂವಿಗೆ ಕೈಯಿಂದಲೇ ಪರಾಗಸ್ಪರ್ಶ ಮಾಡಬೇಕೆಂಬುದು, ಆ ಉಪಾಯವನ್ನು 1841ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡು ವರ್ಷದ ಗುಲಾಮ ಬಾಲಕ ಕಂಡುಹಿಡಿದನೆಂಬುದು, ಹೇಳಲೂ ಕೇಳಲೂ ಸೊಗಸಾದ ಕಥೆ. ಕೊಯ್ಲು ಮುಗಿದ ಮೇಲೆ ಏನು ಮಾಡುತ್ತೀರಿ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಹೂವಿನ ಕೆಲಸ ಒಂದು ಬೆಳಗಿನದು; ಕೊಯ್ದ ಬೀನ್ಸನ್ನು, ಅಂದರೆ ಬಳ್ಳಿಯ ಕೋಡುಗಳನ್ನು, ಒಣಗಿಸಿ ಹದಗೊಳಿಸುವ ಕೆಲಸ ತಿಂಗಳುಗಳದು, ಮತ್ತು ಆ ತಿಂಗಳುಗಳನ್ನೆಲ್ಲ ಬೀನ್ಸು ನಮ್ಮ ಕುಟುಂಬದ ಜೊತೆ ಒಂದೇ ಸೂರಿನಡಿ ಕಳೆಯಬೇಕು. ವೆನಿಲ್ಲಾಕ್ಕೆ ಬೂಷ್ಟಿಗಿಂತ ದೊಡ್ಡ ಅಪಾಯ ಮನೆಮಂದಿಯಿಂದ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲ ತೊಡಕೆಂದರೆ, ಹಸಿ ಬೀನ್ಸಿಗೆ ವೆನಿಲ್ಲಾದ ಪರಿಮಳವೇ ಇರುವುದಿಲ್ಲ. ಚಿಕ್ಕಪ್ಪ ಒಂದು ಕೋಡನ್ನು ಮೂಗಿಗೆ ಹಿಡಿದು, ಮುರಿದು, ಮತ್ತೆ ಮೂಸಿ, "ಯಾರೋ ಬೇರೆ ಯಾವುದೋ ಬಳ್ಳಿ ಕೊಟ್ಟು ನಿನಗೆ ಟೋಪಿ ಹಾಕಿದ್ದಾರೆ ಕಣೋ" ಎಂದು ತೀರ್ಪು ಕೊಟ್ಟರು. ಹಸಿ ಕೋಡಿನಲ್ಲಿ ವೆನಿಲಿನ್ ಎಂಬ ಪರಿಮಳದ ಮುಖ್ಯ ಘಟಕ ಸಕ್ಕರೆಯ ಅಣುವಿಗೆ ಅಂಟಿಕೊಂಡಿರುತ್ತದೆ, ಕೋಡಿನೊಳಗಿನ ಕಿಣ್ವವೊಂದು ಆ ನಂಟನ್ನು ಬಿಡಿಸಿದ ಮೇಲೆಯೇ ಪರಿಮಳ ಹೊರಬರುತ್ತದೆ ಎಂದು ನಾನು ವಿವರಿಸುತ್ತಿರುವಾಗಲೇ ಅವರು ಅಂಗೈ ಕೆರೆದುಕೊಳ್ಳಲು ಶುರುಮಾಡಿದ್ದರು. ಹಸಿ ವೆನಿಲ್ಲಾದ ರಸ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ. ಅದನ್ನು ಹೇಳುವಷ್ಟರಲ್ಲಿ ಅವರು ಅದೇ ಕೈಯಿಂದ ಕುತ್ತಿಗೆಯನ್ನೂ ಒರೆಸಿಕೊಂಡಿದ್ದರು.

ಹದಗೊಳಿಸುವ ಕೆಲಸದ ಮೊದಲ ಹೆಜ್ಜೆ ಬಿಸಿನೀರಿನ ಸ್ನಾನ. ನೀರು 63ರಿಂದ 65 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು, ಬೀನ್ಸು ಅದರಲ್ಲಿ ಸುಮಾರು ಮೂರು ನಿಮಿಷ ಮುಳುಗಿರಬೇಕು. ಬಿಸಿ ಕಡಿಮೆಯಾದರೆ ಕೋಡು ಇನ್ನೂ ಬಳ್ಳಿಯ ಮೇಲೆಯೇ ಇದ್ದೇನೆಂಬ ಭ್ರಮೆಯಲ್ಲಿ ಹಣ್ಣಾಗುತ್ತ ಹೋಗಿ ಸೀಳಿಕೊಳ್ಳುತ್ತದೆ. ಅತಿಯಾದರೆ ಕಿಣ್ವವೇ ಸತ್ತು, ಮುಂದೆ ಎಷ್ಟು ತಪಸ್ಸು ಮಾಡಿದರೂ ಪರಿಮಳ ಒಲಿಯುವುದಿಲ್ಲ. ಥರ್ಮಾಮೀಟರ್ ಎಲ್ಲಿ ಎಂದು ಕೂಗಿದಾಗ ಅಮ್ಮ ಗಾಬರಿಯಿಂದ ಜ್ವರ ನೋಡುವ ಥರ್ಮಾಮೀಟರನ್ನು ತಂದುಕೊಟ್ಟು ನನ್ನ ಹಣೆ ಮುಟ್ಟಿ ನೋಡಿದರು. ಅದು 42 ಡಿಗ್ರಿಗೇ ಕೈಚೆಲ್ಲುವ ಉಪಕರಣ. ಅಡುಗೆಯ ಥರ್ಮಾಮೀಟರ್ ಹುಡುಕಿ ತೆಗೆಯುವಷ್ಟರಲ್ಲಿ ಒಲೆಯ ಮೇಲೆ ನೀರು ಕುದಿದಿತ್ತು; ಅದು ಮತ್ತೆ 65ಕ್ಕೆ ಇಳಿಯುವವರೆಗೆ ಮನೆಯವರೆಲ್ಲ ಪಾತ್ರೆಯ ಸುತ್ತ ನಿಂತು ಸಲಹೆ ಕೊಟ್ಟರು.

ಸ್ನಾನವಾದ ಕೂಡಲೇ ಬೀನ್ಸನ್ನು ಬಿಸಿಬಿಸಿಯಾಗಿ ಉಣ್ಣೆಯ ಕಂಬಳಿಯಲ್ಲಿ ಸುತ್ತಿ, ಶಾಖ ಆರದಂತೆ ಪೆಟ್ಟಿಗೆಯಲ್ಲಿಟ್ಟು ಬೆವರಿಸಬೇಕು. ಒಂದೆರಡು ದಿನಗಳಲ್ಲಿ ಹಸಿರು ಹೋಗಿ ಚಾಕೊಲೇಟಿನ ಕಂದು ಬರುತ್ತದೆ. ಅನಂತರ ದಿನವೂ ಎರಡು ಮೂರು ಗಂಟೆ ಬಿಸಿಲಿಗೆ ಹರಡಿ, ಬೀನ್ಸು ಮುಟ್ಟಲಾಗದಷ್ಟು ಕಾದಾಗ ಅದೇ ಕಂಬಳಿಯಲ್ಲಿ ಸುತ್ತಿ, ಮತ್ತೆ ಪೆಟ್ಟಿಗೆಗೆ ಸೇರಿಸಬೇಕು. ಇಲ್ಲಿ ಎರಡು ಬಿಕ್ಕಟ್ಟುಗಳು ಒಟ್ಟಿಗೇ ತಲೆದೋರಿದವು. ಮನೆಯಲ್ಲಿದ್ದ ಒಳ್ಳೆಯ ಕಂಬಳಿ ಅಮ್ಮನದು, ಮತ್ತು ಅವರಿಗೆ ಚಳಿ ಶುರುವಾದದ್ದೂ ಅದೇ ವಾರ. "ಆ ಕಡ್ಡಿಗಳಿಗಿರುವ ಉಪಚಾರ ಹೆತ್ತವಳಿಗಿಲ್ಲ" ಎಂಬ ಮಾತನ್ನು ಅವರು ನನಗೆ ನೇರವಾಗಿ ಹೇಳದೆ ಫೋನಿನಲ್ಲಿ ಅಕ್ಕನಿಗೆ, ನನಗೆ ಕೇಳಿಸುವಷ್ಟು ದನಿಯಲ್ಲಿ ಹೇಳಿದರು. ಎರಡನೆಯದು, ಮನೆಗೆಲಸಕ್ಕೆ ಬರುವಾಕೆಗೆ ಬಿಸಿಲಿನಲ್ಲಿ ಕಂಬಳಿ ಕಂಡರೆ ಕೊಡವದೆ ಇರಲಾಗದು. ಆಕೆ ಅದರ ಎರಡು ತುದಿ ಹಿಡಿದು ಜೋರಾಗಿ ಕೊಡವಿದಾಗ ಬೀನ್ಸು ಹೂಕುಂಡಗಳಿಗೂ ನೀರಿನ ತೊಟ್ಟಿಗೂ ಸಮನಾಗಿ ಹಂಚಿಹೋದವು. ಕಂಬಳಿ ಮಾತ್ರ ಅಷ್ಟು ಸ್ವಚ್ಛವಾಗಿ ಎಂದೂ ಇದ್ದಿರಲಿಲ್ಲ.

ನೆರಳಿನಲ್ಲಿ ಒಣಗಿಸುವ ಹಂತ ಯಾವ ಅನಾಹುತವೂ ಇಲ್ಲದೆ ಮುಗಿಯಿತು. ಹಿಂದಿನ ಕೋಣೆಯಲ್ಲಿಟ್ಟ ಒಣಗಿಸುವ ಚೌಕಟ್ಟಿನ ಮೇಲೆ ಬೀನ್ಸು ವಾರಗಟ್ಟಲೆ ಮಲಗಿದ್ದವು, ಯಾರಿಗೂ ಅವುಗಳ ನೆನಪಾಗಲಿಲ್ಲ. ಹದವಾದ ಕೋಡು ಕಪ್ಪಾಗಿ, ಎಣ್ಣೆ ಸವರಿದಂತೆ ಮಿರುಗುತ್ತದೆ. ಬೆರಳಿಗೆ ಸುತ್ತಿದರೆ ಮುರಿಯದೆ ಸುತ್ತಿಕೊಂಡು, ಬಿಟ್ಟರೆ ನಿಧಾನವಾಗಿ ನೆಟ್ಟಗಾಗುತ್ತದೆ. ಐದಾರು ಕಿಲೋ ಹಸಿ ಬೀನ್ಸು ಒಣಗಿ ಉಳಿಯುವುದು ಒಂದೇ ಕಿಲೋ. ತೊಟ್ಟಿಗೆ ಬಿದ್ದವುಗಳನ್ನು ಕಳೆದು ನಮ್ಮಲ್ಲಿ ಉಳಿದದ್ದು ಒಂದು ಸಣ್ಣ ಡಬ್ಬಿಯಷ್ಟು.

ಆ ಡಬ್ಬಿಯಲ್ಲಿ, ಮೇಣದ ಕಾಗದದ ಮಡಿಕೆಯೊಳಗೆ ಬೀನ್ಸು ಇನ್ನೂ ಎರಡು ಮೂರು ತಿಂಗಳಾದರೂ ಮಾಗಬೇಕು. ನಡುನಡುವೆ ತೆರೆದು, ಬೂಷ್ಟು ಬಂದದ್ದನ್ನು ಹೆಕ್ಕಿ ಎಸೆಯಬೇಕು. ಈ ನಿಯಮವನ್ನು ಮನೆಯವರಿಗೆಲ್ಲ ತಿಳಿಸಿ ಹೇಳಿದ್ದೇ ಮುಳುವಾಯಿತು. ಚೆನ್ನಾಗಿ ಮಾಗಿದ ಬೀನ್ಸಿನ ಮೈಮೇಲೆ ಕೆಲವೊಮ್ಮೆ ವೆನಿಲಿನ್ ತಾನಾಗಿಯೇ ಬಿಳಿಯ ಹರಳಾಗಿ ಮೂಡುತ್ತದೆ. ಬೆಳಕಿಗೆ ಹಿಡಿದರೆ ಅವು ಸಣ್ಣ ಸೂಜಿಗಳ ಹಾಗೆ ಮಿನುಗುತ್ತವೆ. ಬೂಷ್ಟಾದರೆ ಮಂಕಾಗಿ, ನಾರುನಾರಾಗಿ, ಮುಗ್ಗಲು ವಾಸನೆ ಬೀರುತ್ತದೆ. ಬೆಳೆಗಾರ ಕನಸಿನಲ್ಲಿ ಕಾಣುವಂಥ ಆ ಹರಳುಗಳು ನಮ್ಮ ಡಬ್ಬಿಯಲ್ಲಿ ಮೂಡಿದ ದಿನ ನಾನು ಊರಿನಲ್ಲಿರಲಿಲ್ಲ.

ಮರಳಿ ಬಂದಾಗ ಅಡುಗೆಮನೆಯ ಕಿಟಕಿಯಲ್ಲಿ ಬೀನ್ಸು ಸಾಲಾಗಿ, ತೊಟ್ಟಿಕ್ಕುತ್ತ ಕುಳಿತಿದ್ದವು. "ಎಲ್ಲದಕ್ಕೂ ಬೂಷ್ಟು ಹಿಡಿದಿತ್ತು ಕಣೋ, ಎಸೆಯೋಕೆ ಮನಸ್ಸಾಗಲಿಲ್ಲ, ಬಿಸಿನೀರಲ್ಲಿ ತಿಕ್ಕಿ ತೊಳೆದಿಟ್ಟೆ" ಎಂದರು ಅಮ್ಮ. ಮಗನ ಸೊತ್ತನ್ನು ಉಳಿಸಿದ ತೃಪ್ತಿ ಅವರ ಮುಖದಲ್ಲಿತ್ತು. ಎದುರಾಡಲು ನನಗೆ ನಾಲಗೆ ಏಳಲಿಲ್ಲ.

ಒದ್ದೆಯಾದ ಬೀನ್ಸನ್ನು ಮತ್ತೆ ಡಬ್ಬಿಗೆ ತುಂಬಿದರೆ ನಿಜವಾದ ಬೂಷ್ಟೇ ಬರುವುದರಿಂದ, ಅಂದೇ ಒಂದೆರಡನ್ನು ಸೀಳಿ, ಒಳಗಿನ ಕಪ್ಪು ಬೀಜಗಳನ್ನು ಕೆರೆದು ಹಾಲಿಗೆ ಹಾಕಿ ಕಾಯಿಸಿದೆ. ಹರಳು ತೊಳೆದುಹೋದರೂ ಕೋಡಿನೊಳಗೆ ಪರಿಮಳ ಉಳಿದಿತ್ತು. ಅದು ವೆನಿಲಿನ್ ಒಂದೇ ಅಲ್ಲ, ನೂರಾರು ಘಟಕಗಳ ಮೆಲುವಾದ ಪರಿಮಳ. ಅಮ್ಮ ಒಂದು ಗುಟುಕು ಕುಡಿದು, ಲೋಟದೊಳಗೆ ಇಣುಕಿ, ಇದರಲ್ಲಿ ಕರಿಯ ಕಸ ತೇಲುತ್ತಿದೆಯೆಂದು ಸೋಸಣಿಗೆ ಕೇಳಿದರು. ಸೋಸಿ ಇನ್ನೊಂದು ಗುಟುಕು ಕುಡಿದ ಮೇಲೆ ಕಪಾಟಿನ ಹಿಂದಿನ ಸಾಲಿನಿಂದ ಕೃತಕ ವೆನಿಲ್ಲಾ ಎಸೆನ್ಸಿನ ಬಾಟಲಿಯನ್ನು ತೆಗೆದು, ಎರಡು ಹನಿ ಬೆರೆಸಿ, "ಈಗ ವೆನಿಲ್ಲಾ ವಾಸನೆ ಬಂತು ನೋಡು" ಎಂದು ಲೋಟವನ್ನು ನನ್ನ ಕೈಗಿತ್ತರು.