ಮುಂದೊಂದು ಅಳತೆ, ಹಿಂದೊಂದು ಅಳತೆ

ನನ್ನ ಭಾವ ಹೋದ ವರ್ಷ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಿಂದ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡು ಶಿರಸಿಗೆ ತಂದರು. ಎಂಜಿನ್ ಚೆನ್ನಾಗಿತ್ತು, ಬಣ್ಣ ಮಾಸಿರಲಿಲ್ಲ. ಹಿಂದಿನ ಎರಡು ಟೈರುಗಳಂತೂ ಹೊಚ್ಚ ಹೊಸವು. ಮುಂದಿನವಕ್ಕಿಂತ ಅಗಲ, ತುಸು ಎತ್ತರ. ಹಿಂದೆ ನಿಂತು ನೋಡಿದರೆ ಗಾಡಿ ನೆಲವನ್ನು ಗಟ್ಟಿಯಾಗಿ ಕಚ್ಚಿಕೊಂಡಂತೆ ಕಾಣುತ್ತಿತ್ತು. “ಹಿಂದ ದೊಡ್ಡವು ಹಾಕ್ಸೀವ್ರಿ, ಗ್ರಿಪ್ ಭಾಳ ಛಲೋ ಬರ್ತದ” ಎಂದು ಮಾರಿದವರು ಅದನ್ನೇ ಒಂದು ಹೆಚ್ಚುಗಾರಿಕೆಯಾಗಿ ಹೇಳಿದ್ದರಂತೆ. ಬೇಸಿಗೆ ಮುಗಿಯುವವರೆಗೆ ನಮಗೂ ಅದು ನಿಜವೆಂದೇ ಅನಿಸಿತ್ತು.

ಜುಲೈ ತಿಂಗಳ ಒಂದು ಸಂಜೆ ಕುಮಟೆಯ ಆಸ್ಪತ್ರೆಯಲ್ಲಿದ್ದ ಅತ್ತೆಯನ್ನು ನೋಡಲು ಅದೇ ಕಾರಿನಲ್ಲಿ ಹೊರಟೆವು. ಕಾರು ನನ್ನ ಕೈಯಲ್ಲಿತ್ತು. ದೇವಿಮನೆ ಘಟ್ಟ ಇಳಿಯುವಾಗ ಒಂದು ಎಡ ತಿರುವಿನಲ್ಲಿ ಧರೆಯಿಂದ ಇಳಿದ ಕೆಂಪು ನೀರು ರಸ್ತೆಗೆ ಅಡ್ಡಲಾಗಿ ಹರಿಯುತ್ತಿತ್ತು. ವೇಗ 35 ದಾಟಿರಲಿಲ್ಲ. ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದೆ. ಅದು ಕೈಯಲ್ಲಿ ಒಮ್ಮೆಲೇ ಹಗುರವಾಯಿತು, ಕಾರಿನ ಮೂತಿ ಮಾತ್ರ ತಿರುಗದೆ ನೇರವಾಗಿ, ಕೆಳಗಿನಿಂದ ಹತ್ತಿ ಬರುತ್ತಿದ್ದ ಲಾರಿಯ ಕಡೆಗೇ ಸರಿಯತೊಡಗಿತು. “ಭಾವಾ, ಎದುರಿನ ಟೈರು ಹಿಡೀತಾ ಇಲ್ಲೆ” ಎಂದಷ್ಟೇ ನನ್ನ ಬಾಯಿಂದ ಬಂತು. ಬ್ರೇಕನ್ನು ಇನ್ನಷ್ಟು ಒತ್ತದೆ ಕಾಲು ಸಡಿಲಿಸಿದ ಮೇಲೆ ಮುಂದಿನ ಗಾಲಿಗಳು ಹಿಡಿತಕ್ಕೆ ಬಂದವು. ಲಾರಿಗೂ ನಮಗೂ ನಡುವೆ ಒಂದು ಮೊಳದಷ್ಟು ಜಾಗ ಉಳಿದಿತ್ತು.

ಮರುದಿನ ಅಂಗಳದಲ್ಲಿ ಟೈರಿನ ಮೇಲಿನ ಅಂಕಿಗಳನ್ನು ಓದಿದೆವು. ಮುಂದೆ 185/65 ಆರ್15, ಹಿಂದೆ 205/65 ಆರ್15. ಮೊದಲನೆಯದು ಮಿಲಿಮೀಟರಿನಲ್ಲಿ ಟೈರಿನ ಅಗಲ, ಎರಡನೆಯದು ಆ ಅಗಲದ ಶೇಕಡಾ ಎಷ್ಟು ಪಾಲು ಪಕ್ಕದ ಗೋಡೆಯ ಎತ್ತರ ಎಂಬುದು, ಕೊನೆಯದು ಇಂಚಿನಲ್ಲಿ ರಿಮ್ಮಿನ ವ್ಯಾಸ. 65 ಎಂಬುದು ಎರಡರಲ್ಲೂ ಒಂದೇ ಆದ್ದರಿಂದ ಎತ್ತರವೂ ಒಂದೇ ಎಂದು ಭಾವ ತಿಳಿದಿದ್ದರು. ಆದರೆ 185ರ ಶೇಕಡಾ 65 ಬೇರೆ, 205ರ ಶೇಕಡಾ 65 ಬೇರೆ. ಲೆಕ್ಕ ಹಾಕಿದರೆ ಮುಂದಿನ ಗಾಲಿಯ ವ್ಯಾಸ 621.5 ಮಿ.ಮೀ., ಹಿಂದಿನದು 647.5 ಮಿ.ಮೀ. ಟೈರಿಗೂ ನೆಲಕ್ಕೂ ಸೀಮೆಸುಣ್ಣದ ಗುರುತು ಹಾಕಿ ಕಾರನ್ನು ಒಂದು ಸುತ್ತು ತಳ್ಳಿ ನೋಡಿದೆವು: ಹಿಂದಿನ ಗಾಲಿ ಒಂದು ಸುತ್ತಿಗೆ ಸುಮಾರು 8 ಸೆಂ.ಮೀ. ಹೆಚ್ಚು ದೂರ ಹೋಗುತ್ತಿತ್ತು. ಅಂದರೆ ಒಂದು ಕಿಲೋಮೀಟರಿಗೆ ಮುಂದಿನದು ಹಿಂದಿನದಕ್ಕಿಂತ 20 ಸುತ್ತು ಹೆಚ್ಚು ತಿರುಗಬೇಕು. ಶಿರಸಿಯಿಂದ ಕುಮಟೆಗೆ ಇರುವ ಸುಮಾರು 60 ಕಿ.ಮೀ.ನಲ್ಲಿ 1200 ಸುತ್ತು.

ನಮ್ಮ ಕಡೆ ಓಡುವ ಹೆಚ್ಚಿನ ಸಣ್ಣ ಕಾರುಗಳಲ್ಲಿ ಎಂಜಿನ್ ಮುಂದೆಯೇ ಇದೆ, ಅದರ ಶಕ್ತಿ ಹೋಗುವುದೂ ಮುಂದಿನ ಗಾಲಿಗಳಿಗೇ. ಗಾಡಿಯನ್ನು ಎಳೆಯುವುದು, ತಿರುಗಿಸುವುದು, ಬ್ರೇಕಿನ ದೊಡ್ಡ ಪಾಲನ್ನು ಹೊರುವುದು, ಈ ಮೂರೂ ಆ ಎರಡು ಗಾಲಿಗಳ ಕೆಲಸ. ಘಟ್ಟ ಇಳಿಯುವಾಗ ಭಾರವೂ ಅವುಗಳ ಮೇಲೆಯೇ ಇನ್ನಷ್ಟು ವಾಲುತ್ತದೆ. ಇಂಥ ಕಾರು ಹಿಡಿತ ತಪ್ಪುವಾಗ ಸಹಜವಾಗಿ ಮುಂದಿನಿಂದಲೇ ತಪ್ಪುತ್ತದೆ, ಸ್ಟಿಯರಿಂಗ್ ತಿರುಗಿಸಿದಷ್ಟು ತಿರುಗುವುದಿಲ್ಲ. ಹೀಗಿರುವಾಗ ಹಿಂದಿನ ಹಿಡಿತವನ್ನು ಮಾತ್ರ ಹೆಚ್ಚಿಸಿದರೆ ಆ ಗುಣ ಇನ್ನೂ ಬಲಿಯುತ್ತದೆಯೇ ಹೊರತು ಮುಂದಿನ ಗಾಲಿಗೆ ಎಳ್ಳಷ್ಟೂ ಸಹಾಯವಾಗುವುದಿಲ್ಲ.

ಎರಡು ಅಳತೆ ಎಂಬುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಟಾಟಾ ನ್ಯಾನೋ ಕಾರಿಗೆ ಕಾರ್ಖಾನೆಯಿಂದಲೇ ಮುಂದೆ 135/70 ಆರ್12, ಹಿಂದೆ 155/65 ಆರ್12 ಟೈರುಗಳು ಬರುತ್ತಿದ್ದವು. ಅದರ 624 ಸಿಸಿ ಎಂಜಿನ್ ಇದ್ದದ್ದು ಹಿಂದೆ, ತಿರುಗಿಸುತ್ತಿದ್ದದ್ದೂ ಹಿಂದಿನ ಗಾಲಿಗಳನ್ನೇ; ತಿರುವಿನಲ್ಲಿ ಭಾರವಾದ ಹಿಂಭಾಗ ಹೊರಗೆ ಬೀಸಿ ಹೋಗದಂತೆ ತಡೆಯಲು ಅಲ್ಲಿ ಅಗಲದ ಟೈರು ಬೇಕಿತ್ತು. ಹಿಂದೆ ಎಂಜಿನ್ ಇರುವ ಪೋರ್ಷೆ 911ರಲ್ಲೂ ಹಿಂದಿನ ಟೈರು ಅಗಲವಾಗಿರುವುದಕ್ಕೆ ಇದೇ ಕಾರಣ. ಭಾರ ಎಲ್ಲಿದೆ, ಶಕ್ತಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ನೋಡಿ ಸ್ಪ್ರಿಂಗು, ಬ್ರೇಕುಗಳನ್ನು ಅದಕ್ಕೆ ಹೊಂದಿಸಿ ಮಾಡಿದ ಲೆಕ್ಕ ಅದು. ಆ ಕಾರುಗಳ ನೋಟವನ್ನಷ್ಟೇ ತಂದು, ಭಾರವೆಲ್ಲ ಮುಂದಿರುವ ಕಾರಿಗೆ ಅಂಟಿಸುವುದನ್ನು ನಾನು ವಿರೋಧಿಸುತ್ತೇನೆ.

ವರ್ಷಕ್ಕೆ 3000 ಮಿ.ಮೀ.ನ ಆಸುಪಾಸು ಮಳೆ ಸುರಿಯುವ ಕರಾವಳಿಯಲ್ಲಿ ಇನ್ನೊಂದು ಅಪಾಯವೂ ಇದೆ. ಅಂಕೋಲಾ, ಕಾರವಾರದ ಕಡೆ ಹೆದ್ದಾರಿಯಲ್ಲಿ 80ರ ವೇಗದಲ್ಲಿ ಹೋಗುವಾಗ ನಿಂತ ನೀರು ಸಿಕ್ಕಿದರೆ, ಟೈರು ಅಗಲವಾದಷ್ಟೂ ಸರಿಸಬೇಕಾದ ನೀರು ಹೆಚ್ಚು. ಹಿಂದಿನ ಸೀಟು ಖಾಲಿ ಇದ್ದರೆ ಅಲ್ಲಿ ಭಾರ ಕಡಿಮೆ. ಮುಂದಿನ ಗಾಲಿ ನೀರು ಸರಿಸಿ ಬಿಟ್ಟ ಜಾಡಿಗಿಂತ ಹಿಂದಿನ ಟೈರೇ ಅಗಲ. ಹಾಗಾಗಿ ಘಟ್ಟದಲ್ಲಿ ಮುಂದಿನಿಂದ ಜಾರುವ ಕಾರು ಹೆದ್ದಾರಿಯಲ್ಲಿ ಹಿಂದಿನಿಂದ ತೇಲಬಹುದು. ಒಂದೇ ಗಾಡಿ ಎರಡು ಕಡೆ ಎರಡು ರೀತಿ ವರ್ತಿಸಿದರೆ ಓಡಿಸುವವನ ಕೈಗೆ ಯಾವ ಅಭ್ಯಾಸವೂ ಕೂರುವುದಿಲ್ಲ.

ಬ್ರೇಕ್ ಒತ್ತಿದಾಗ ಗಾಲಿ ಕಚ್ಚಿ ನಿಂತು ಜಾರದಂತೆ ತಡೆಯುವ ಎಬಿಎಸ್ ವ್ಯವಸ್ಥೆಯ ವಿಷಯವೂ ಹಗುರವಾದುದಲ್ಲ. ಅದು ನಾಲ್ಕೂ ಗಾಲಿಗಳ ವೇಗವನ್ನು ಹೋಲಿಸಿ, ಯಾವುದು ನಿಧಾನವಾಯಿತೋ ಅದು ಜಾರುತ್ತಿದೆ ಎಂದು ತಿಳಿದು ಅದರ ಬ್ರೇಕನ್ನು ಸಡಿಲಿಸುತ್ತದೆ. ಹಿಂದಿನ ಗಾಲಿಗಳು ಯಾವಾಗಲೂ ಶೇಕಡಾ 4ರಷ್ಟು ನಿಧಾನವಾಗಿ ತಿರುಗುತ್ತಿದ್ದರೆ ಆ ಹೋಲಿಕೆಯೇ ತಪ್ಪಾಗುವ ಸಾಧ್ಯತೆಯಿದೆ. ಭಾವನ ಕಾರಿನಲ್ಲಿ ಎಬಿಎಸ್ ದೀಪ ಆಗಾಗ ಹೊತ್ತಿಕೊಳ್ಳುತ್ತಿದ್ದದ್ದು ಸೆನ್ಸರಿನ ಕೊಳೆಯಿಂದ ಎಂದು ಗ್ಯಾರೇಜಿನವರು ಎರಡು ಸಲ ಒರೆಸಿ ಕೊಟ್ಟಿದ್ದರು. ಅಡಿಕೆ ಚೀಲ ಹೇರಿಕೊಂಡು ಸೊಸೈಟಿಗೆ ಹೋದ ದಿನವಂತೂ ಪ್ರತಿ ಹೊಂಡಕ್ಕೂ ಟೈರು ಮಡ್‌ಗಾರ್ಡಿನ ಒಳಮೈಗೆ ಉಜ್ಜುವ ಸದ್ದು ಬರುತ್ತಿತ್ತು. ನಾಲ್ಕೂ ಗಾಲಿಗಳಿಗೆ ಶಕ್ತಿ ಹೋಗುವ ಜೀಪುಗಳಲ್ಲಿ ಹೀಗೆ ಮಾಡಿದರೆ ಗೇರುಗಳೇ ತಿಕ್ಕಾಡಿ ಹಾಳಾಗುತ್ತವೆ.

ಒಮ್ಮೆಗೆ ನಾಲ್ಕು ಟೈರಿನ ದುಡ್ಡು ಹೊಂದಿಸುವುದು ಎಲ್ಲರಿಗೂ ಆಗದು, ಅದು ನನಗೂ ಗೊತ್ತು. ಎರಡನ್ನೇ ಕೊಳ್ಳುವುದಾದರೆ ಚಾಲಕನ ಬಾಗಿಲು ತೆರೆದಾಗ ಕಂಬದ ಮೇಲೆ ಕಾಣುವ ಚೀಟಿಯಲ್ಲಿರುವ ಅಳತೆಯನ್ನೇ ಕೊಳ್ಳಿ. ಮತ್ತು ಆ ಹೊಸ ಜೋಡಿಯನ್ನು ಹಿಂದೆ ಹಾಕಿಸಿ. ಇದಕ್ಕೂ ಮೇಲೆ ಹೇಳಿದ್ದಕ್ಕೂ ವಿರೋಧವಿಲ್ಲ. ಅಳತೆ ನಾಲ್ಕರದ್ದೂ ಒಂದೇ ಇದ್ದು ಸವೆತದಲ್ಲಿ ಮಾತ್ರ ವ್ಯತ್ಯಾಸವಿದ್ದಾಗ, ಮುಂದಿನ ಗಾಲಿ ಜಾರಿದರೆ ಸ್ಟಿಯರಿಂಗ್ ಮೂಲಕ ಕೈಗೆ ತಿಳಿಯುತ್ತದೆ; ಹಿಂದಿನದು ಜಾರಿದ್ದು ತಿಳಿಯುವ ಹೊತ್ತಿಗೆ ಗಾಡಿ ಅಡ್ಡ ತಿರುಗಿರುತ್ತದೆ. ಮುಂದಿನವು ಕಾನೂನಿನ ಮಿತಿಯಾದ 1.6 ಮಿ.ಮೀ. ತನಕ ಸವೆಯಲಿ ಎಂದು ಮಾತ್ರ ಕಾಯಬೇಡಿ, ನಮ್ಮ ಮಳೆಗೆ ಅದು ಸಾಲದು.

ಭಾವ ಹಿಂದಿನ ಎರಡನ್ನೂ ತೆಗೆಸಿ 185/65 ಹಾಕಿಸಿದರು. ಬಿಚ್ಚಿದ ಅಗಲದ ಟೈರುಗಳು ಒಂದು ತಿಂಗಳು ಜಗುಲಿಯ ಮೂಲೆಯಲ್ಲಿದ್ದವು. ಪಕ್ಕದೂರಿನ ಹುಡುಗನೊಬ್ಬ ತನ್ನ ಸಣ್ಣ ಕಾರಿನ ಹಿಂದಕ್ಕೆ ಬೇಕೆಂದು ಒಳ್ಳೆಯ ಬೆಲೆಗೇ ಕೇಳಿಕೊಂಡು ಬಂದ. ಭಾವ ಅವನಿಗೆ ಚಹಾ ಕೊಟ್ಟು ಕೂರಿಸಿ, ಅಂಗಳದ ಆ 8 ಸೆಂಟಿಮೀಟರಿನ ಕಥೆ ಹೇಳಿ, ಬರಿಗೈಯಲ್ಲಿ ಕಳಿಸಿದರು. ಕೊನೆಗೆ ಅವನ್ನು ಒಯ್ದವರು ಹಳೆಯ ಇನ್ನೋವಾ ಇಟ್ಟುಕೊಂಡ ನೆಂಟರೊಬ್ಬರು. ಅದರ ಮೂಲ ಅಳತೆಯೇ 205/65 ಆರ್15.