ಒಬ್ಬಳೇ ಗಿರಾಕಿಯ ಅಂಗಡಿ

ಹಾಸನದಿಂದ ಚಿಕ್ಕಮಗಳೂರಿಗೆ ಹೋಗುವ ಬಸ್ಸಿನಲ್ಲಿ ನನ್ನನ್ನು ಕಂಡವರಲ್ಲಿ ಕೆಲವರಾದರೂ ನನಗೊಂದು ಅಂಗಡಿಯಿದೆ ಎಂದು ಇಂದಿಗೂ ನಂಬಿದ್ದಾರೆ. ನಾನು ಹಾಸನದ ಪದವಿಪೂರ್ವ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಕಲಿಸುವವಳು. ಬೇಡಿಕೆ, ಪೂರೈಕೆ, ದಾಸ್ತಾನು, ಸವಕಳಿ ಎಂಬ ಪದಗಳನ್ನು ದಿನಕ್ಕೆ ನಾಲ್ಕು ತರಗತಿಗಳಲ್ಲಿ ಉಚ್ಚರಿಸುತ್ತೇನೆಂಬುದನ್ನು ಬಿಟ್ಟರೆ ವ್ಯಾಪಾರಕ್ಕೂ ನನಗೂ ಯಾವ ನಂಟೂ ಇಲ್ಲ. ಆ ಅಂಗಡಿ ಹುಟ್ಟಿದ್ದು ನನ್ನ ಬಾಯಿಯಿಂದಲೇ, ಅದೂ ಮಗಳಿಗೆ ಎದೆಹಾಲು ಬಿಡಿಸಬೇಕೆಂದು ಹೊರಟ ಮೊದಲ ದಿನವೇ.

ಬಿಡಿಸಬೇಕೆಂಬ ಹಂಬಲ ಮೊದಲು ನನ್ನದಾಗಿರಲಿಲ್ಲ. ಬಾಣಂತನದ ದಿನಗಳಲ್ಲಿ ಮನೆಗೆ ಬಂದವರೆಲ್ಲರೂ ಕೇಳುತ್ತಿದ್ದ ಮೊದಲ ಪ್ರಶ್ನೆ "ಹಾಲು ಸಾಲುತ್ತಾ?" ಎಂಬುದು. ಸಾಲುತ್ತದೆ ಎಂದರೆ ನಂಬದ ಅತ್ತೆಯವರು ಸಬ್ಬಸಿಗೆ ಸೊಪ್ಪಿನ ಪಲ್ಯ, ಸುಟ್ಟ ಬೆಳ್ಳುಳ್ಳಿ, ಮೆಂತ್ಯದ ಗಂಜಿ, ಕೊಬ್ಬರಿ ಬೆಲ್ಲ ಎಂದು ಹೊತ್ತಿಗೊಂದನ್ನು ಮುಂದಿಟ್ಟು, ನಾನು ತಟ್ಟೆ ಖಾಲಿ ಮಾಡುವವರೆಗೂ ಕಾವಲುಗಾರರಂತೆ ಎದುರಿಗೇ ಕುಳಿತಿರುತ್ತಿದ್ದರು. ಅದೇ ಅತ್ತೆಯವರು ಮೊಮ್ಮಗಳ ಮೊದಲ ಹುಟ್ಟುಹಬ್ಬದ ಮರುದಿನ ಬೆಳಿಗ್ಗೆ, ಉಳಿದ ಕೇಕು ಇನ್ನೂ ಫ್ರಿಜ್ಜಿನಲ್ಲಿರುವಾಗಲೇ, "ಇನ್ನೂ ಕುಡಿಸ್ತಿದ್ದೀಯಾ?" ಎಂದು ಕೇಳಿದರು. ಹನ್ನೆರಡು ತಿಂಗಳು ಅಮೃತವಾಗಿದ್ದದ್ದು ಒಂದೇ ರಾತ್ರಿಯಲ್ಲಿ ದುಶ್ಚಟವಾಗಿತ್ತು. "ವರ್ಷ ಕಳೆದ ಮೇಲೆ ಅದರಲ್ಲಿ ಏನಿರುತ್ತೆ, ಬರೀ ನೀರು" ಎಂದು ಪಕ್ಕದ ಮನೆಯವರೂ ಕಾಂಪೌಂಡಿನ ಆಚೆಯಿಂದ ಅನುಮೋದಿಸಿದರು.

ಪಾಠ ಹೇಳುವವರ ನಾಲಿಗೆ ಸುಮ್ಮನಿರುವುದಿಲ್ಲ. ಆರು ತಿಂಗಳವರೆಗೆ ಎದೆಹಾಲು ಮಾತ್ರ, ಅನಂತರ ಬೇರೆ ಆಹಾರದ ಜೊತೆಗೆ ಎರಡು ವರ್ಷದವರೆಗೆ ಅಥವಾ ಅದಕ್ಕೂ ಮೀರಿ ಎದೆಹಾಲು ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ನವರ ಸಲಹೆಯೆಂದೂ, ಎರಡನೆಯ ವರ್ಷದಲ್ಲಿ ದಿನಕ್ಕೆ ಸುಮಾರು 450 ಮಿಲಿಲೀಟರ್ ಕುಡಿಯುವ ಮಗುವಿಗೆ ಬೇಕಾದ ಶಕ್ತಿಯಲ್ಲಿ ಶೇಕಡಾ 29, ಪ್ರೋಟೀನಿನಲ್ಲಿ ಶೇಕಡಾ 43, ಎ ಜೀವಸತ್ವದಲ್ಲಿ ಶೇಕಡಾ 75ರಷ್ಟು ಅದರಿಂದಲೇ ಒದಗುತ್ತದೆಂದೂ ಊಟದ ಹೊತ್ತಿನಲ್ಲಿ ವಿವರಿಸಿದೆ. ಅತ್ತೆಯವರು ಸಾರಿನ ಸೌಟನ್ನು ಕೆಳಗಿಡದೆ ಪೂರ್ತಿ ಕೇಳಿಸಿಕೊಂಡು, "ಆ ಸಂಸ್ಥೆಯವರು ರಾತ್ರಿ ಮೂರು ಗಂಟೆಗೆ ಬಂದು ಎದ್ದು ಕೂರ್ತಾರಾ?" ಎಂದರು. ಇದಕ್ಕೆ ನನ್ನ ಅಂಕಿಅಂಶಗಳಲ್ಲಿ ಉತ್ತರವಿರಲಿಲ್ಲ. ರಾತ್ರಿ ಮೂರು ಗಂಟೆಗೆ ಎದ್ದು ಕೂರುತ್ತಿದ್ದವಳು ನಾನೇ; ಮರುದಿನ ಮೊದಲ ತರಗತಿಯಲ್ಲಿ ಖರ್ಚನ್ನು ಜಮೆಯ ಕಡೆಗೆ ಬರೆದು, ಹಿಂದಿನ ಬೆಂಚಿನ ಹುಡುಗರಿಂದ ತಿದ್ದಿಸಿಕೊಳ್ಳುತ್ತಿದ್ದವಳೂ ನಾನೇ.

ಅದಲ್ಲದೆ, ವರ್ಷ ದಾಟಿದ ಮಗುವಿಗೆ ಕುಡಿಸುವುದು ಕೂಸಿಗೆ ಕುಡಿಸಿದಂತಲ್ಲ. ಕೂಸು ಮಲಗಿಸಿದ ಕಡೆ ಮಲಗಿರುತ್ತದೆ. ನಡೆಯಲು ಕಲಿತ ಮಗು ನಿಂತು ಕುಡಿಯುತ್ತದೆ, ಬಗ್ಗಿ ಕುಡಿಯುತ್ತದೆ, ಕಾಲು ಮೇಲೆ ತಲೆ ಕೆಳಗೆ ಮಾಡಿಕೊಂಡು ಒಂದು ಪಾದವನ್ನು ತಾಯಿಯ ಮೂಗಿನ ಮೇಲೆ ಊರಿ ಕುಡಿಯುತ್ತದೆ. ಬೀದಿಯಲ್ಲಿ ನಾಯಿ ಬೊಗಳಿದರೆ ಬಾಯಲ್ಲಿರುವುದನ್ನು ಬಿಡದೆಯೇ ಕಿಟಕಿಯ ಕಡೆಗೆ ತಿರುಗಿ ನೋಡುತ್ತದೆ. ಎಂಟು ಹಲ್ಲುಗಳಿರುವ ಜೀವವೊಂದು ಹೀಗೆ ತಿರುಗಿದಾಗ ತಾಯಿಯ ಬಾಯಿಂದ ಹೊರಡುವ ಸ್ವರವನ್ನು ನಮ್ಮ ವರ್ಣಮಾಲೆಯಲ್ಲಿ ಬರೆಯಲಾಗದು.

ಹೀಗೆ ನಾಲ್ಕೈದು ತಿಂಗಳು ಕಳೆದ ಮೇಲೆ ನಾನೂ ಸೋತು ಅತ್ತೆಯವರ ಪಕ್ಷ ಸೇರಿದೆ. ಒಂದು ಸಂಜೆ ಕಾಲೇಜಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ಸೆರಗಿಗೆ ಜೋತುಬಿದ್ದವಳಿಗೆ, "ಅಂಗಡಿ ಮುಚ್ಚಿದೆ ಪುಟ್ಟಿ, ನಾಳೆ ಬಾ" ಎಂದೆ. ಅಂಗಡಿಯೆಂದರೆ ಏನೆಂದು ಅವಳಿಗೆ ಗೊತ್ತಿತ್ತು. ತಾತನ ಬೆರಳು ಹಿಡಿದು ದಿನವೂ ಬೀದಿಯ ಕೊನೆಯ ಅಂಗಡಿಗೆ ಹೋಗಿ ಬರುತ್ತಿದ್ದಳು. ಮುಚ್ಚಿದ ಅಂಗಡಿಯನ್ನು ತೆಗೆಸಬಹುದೆಂಬುದೂ, ತಾತ ಹಾಗೆ ಮಧ್ಯಾಹ್ನದ ಹೊತ್ತಿನಲ್ಲಿ ತೆಗೆಸುತ್ತಾರೆಂಬುದೂ ಅವಳಿಗೆ ಗೊತ್ತಿದ್ದದ್ದು ಮಾತ್ರ ನನಗೆ ಗೊತ್ತಿರಲಿಲ್ಲ. ಅವಳು ಒಂದು ಗಳಿಗೆ ಯೋಚಿಸಿ, ಬಾಗಿಲು ಬಡಿಯುವಂತೆ ನನ್ನ ರವಿಕೆಯ ಮೇಲೆ ಎರಡು ಸಲ ಬಡಿದು, "ಅಂಗಡಿ ತೆಗಿ" ಎಂದಳು.

ಅದು ಅವಳು ಎರಡು ಪದಗಳನ್ನು ಜೋಡಿಸಿ ಆಡಿದ ಮೊದಲ ವಾಕ್ಯ. ನನ್ನ ಪತಿ ಆನಂದದಿಂದ ಅದನ್ನು ಹಾಗೆಯೇ ಇಡೀ ಬಂಧುಬಳಗದ ವಾಟ್ಸ್ಆ್ಯಪ್ ಗುಂಪಿಗೆ ಕಳುಹಿಸಿದರು. ಹಿನ್ನೆಲೆಯನ್ನು ವಿವರಿಸದೆ ಕಳುಹಿಸಿದ್ದರಿಂದ ಅರಸೀಕೆರೆಯ ದೊಡ್ಡಪ್ಪನವರು ಫೋನು ಮಾಡಿ ಪೂಜೆ ಯಾವತ್ತು, ಅಂಗಡಿ ಯಾವುದರದ್ದು ಎಂದು ಕೇಳಿದರು. ವಾರ ಕಳೆಯುವುದರೊಳಗೆ ಮಗಳು "ಈ ಅಂಗಡಿ", "ಆ ಅಂಗಡಿ" ಎಂದು ಎರಡು ಶಾಖೆಗಳನ್ನು ಗುರುತಿಸಿ, ಒಂದರಲ್ಲಿ ಸರಕು ಮುಗಿದರೆ ಇನ್ನೊಂದಕ್ಕೆ ಹೋಗುವುದನ್ನು ರೂಢಿಸಿಕೊಂಡಳು.

ದಸರಾ ರಜೆಗೆ ಚಿಕ್ಕಮಗಳೂರಿನ ನನ್ನ ತವರಿಗೆ ಹೊರಟೆವು. ಬೇಲೂರಿನವರೆಗೆ ಪ್ರಯಾಣ ಸುಖವಾಗಿತ್ತು. ಬೇಲೂರಿನಲ್ಲಿ ಬಸ್ಸು ಹತ್ತಿದ ಹೆಂಗಸೊಬ್ಬರ ತೋಳಿನಲ್ಲಿದ್ದ ಎಳೆಗೂಸು ಅಳತೊಡಗಿತು. ತಾಯಿಯ ದೇಹಕ್ಕೆ ವಿವೇಚನೆ ಕಡಿಮೆ. ಅಳುತ್ತಿರುವುದು ತನ್ನ ಮಗುವೋ ಪರರದೋ ಎಂದು ವಿಚಾರಿಸದೆ ಮಿದುಳಿನಿಂದ ಆಕ್ಸಿಟೋಸಿನ್ ಎಂಬ ರಸ ಹೊರಟುಬಿಡುತ್ತದೆ; ಅದು ಹಾಲು ತುಂಬಿದ ಸಣ್ಣ ಚೀಲಗಳನ್ನು ಹಿಂಡುತ್ತದೆ; ಹಾಲು ಇಳಿಯುತ್ತದೆ. ನನ್ನ ತಿಳಿನೀಲಿ ರವಿಕೆಯ ಮೇಲೆ ರೂಪಾಯಿ ಅಗಲದ ಕಲೆ ಮೂಡಿದ್ದನ್ನು ನನಗಿಂತ ಮೊದಲು ಮಗಳು ಕಂಡಳು. "ಅಮ್ಮಾ, ಅಂಗಡಿ ತೆಗಿ!" ಎಂದು ಕಂಡಕ್ಟರ್ ಕೂಡ ತಿರುಗಿ ನೋಡುವಷ್ಟು ಜೋರಾಗಿ ಕೂಗಿದಳು. ನಾನು ಸೆರಗನ್ನು ಎಳೆದುಕೊಂಡು "ಶ್, ಮನೆಗೆ ಹೋಗಿ ತೆಗೆಯೋಣ" ಎಂದೆ.

ಮುಂದಿನ ಸೀಟಿನಲ್ಲಿದ್ದ, ಹೆಗಲ ಮೇಲೆ ಟವೆಲು ಹಾಕಿಕೊಂಡಿದ್ದ ಯಜಮಾನರು ಪೂರ್ತಿ ಹಿಂದಕ್ಕೆ ತಿರುಗಿ ಕುಳಿತರು.

"ಎಲ್ಲಮ್ಮ ನಿಮ್ಮ ಅಂಗಡಿ?"

ಹಾಸನದಲ್ಲಿ ಎಂದೆ. ಏನು ವ್ಯಾಪಾರವೆಂದು ಕೇಳಿದರು. ಅಷ್ಟು ಬೇಗ ಸುಳ್ಳು ಹೊಳೆಯದೆ "ಹಾಲು" ಎಂದುಬಿಟ್ಟೆ.

"ನಂದಿನಿಯಾ?"

"ಅಲ್ಲ, ಸ್ವಂತದ್ದು."

"ಭೇಷ್. ಎಷ್ಟು ಹಸು ಕಟ್ಟಿದ್ದೀರಿ?"

ಈವರೆಗೆ ಕಿಟಕಿಯಾಚೆಯ ಕಾಫಿ ತೋಟಗಳನ್ನು ಅಪರಿಮಿತ ಆಸಕ್ತಿಯಿಂದ ನೋಡುತ್ತಿದ್ದ ನನ್ನ ಪತಿ, ತಿರುಗದೆಯೇ "ಒಂದೇ" ಎಂದರು. ಆ ಒಂದು ಪದಕ್ಕಾಗಿ ನಾನು ಅವರನ್ನು ಇನ್ನೂ ಕ್ಷಮಿಸಿಲ್ಲ.

"ದಿನಕ್ಕೆ ಎಷ್ಟು ಕೊಡುತ್ತೆ?"

ನಾನು ನಿಜವನ್ನೇ ಹೇಳಿದೆ: ಅರ್ಧ ಲೀಟರು. ಯಜಮಾನರ ಮುಖದಲ್ಲಿ ಮೂಡಿದ ಮರುಕವನ್ನು ನಾನು ಮರೆಯುವಂತಿಲ್ಲ. ಅರ್ಧ ಲೀಟರಿಗೆ ಯಾರಾದರೂ ಅಂಗಡಿ ತೆರೆಯುತ್ತಾರೆಯೇ, ಹಿಂಡಿ ಬೂಸ ಸರಿಯಾಗಿ ಹಾಕುತ್ತಿಲ್ಲವೆಂದು ಕಾಣುತ್ತದೆ, ಹಸಿಮೇವು ಹೆಚ್ಚಿಸಿ, ಅದಕ್ಕೂ ಬಗ್ಗದಿದ್ದರೆ ಆ ಹಸುವನ್ನು ಕೊಟ್ಟು ಬೇರೊಂದನ್ನು ತನ್ನಿ ಎಂದು ಅವರು ಚಿಕ್ಕಮಗಳೂರಿನವರೆಗೂ ನನಗೆ ಪಶುಪಾಲನೆಯ ಪಾಠ ಹೇಳಿದರು. ಹಸುವನ್ನು ಬದಲಿಸುವ ಸಲಹೆಯನ್ನು ನನ್ನ ಪತಿ ವಿಶೇಷ ಗಮನವಿಟ್ಟು ಕೇಳಿಸಿಕೊಂಡಂತೆ ಕಂಡಿತು.

ಇಳುವರಿಯ ಮಾತು ನನ್ನನ್ನು ಚುಚ್ಚಿದ್ದಕ್ಕೆ ಬೇರೊಂದು ಕಾರಣವೂ ಇತ್ತು. ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೇಲೆ ಕಾಲೇಜಿನ ಉಗ್ರಾಣದಲ್ಲಿ, ಹಳೆಯ ಉತ್ತರಪತ್ರಿಕೆಗಳ ಕಟ್ಟುಗಳ ಮರೆಯಲ್ಲಿ ಕುಳಿತು ಪಂಪಿನಿಂದ ಹಾಲು ತೆಗೆದಿಡುತ್ತಿದ್ದೆ. ಮಗುವಿಗೆ 15 ತಿಂಗಳು ತುಂಬುವವರೆಗೆ ದಿನಕ್ಕೆ ಎರಡು ವಿರಾಮಗಳನ್ನು ಆಗ ಜಾರಿಯಲ್ಲಿದ್ದ 1961ರ ಹೆರಿಗೆ ಸೌಲಭ್ಯ ಕಾಯ್ದೆ ಕೊಟ್ಟಿತ್ತು. ಆ ವಿರಾಮಗಳಲ್ಲಿ ಯಂತ್ರ ಗೊರಗೊರ ಸದ್ದು ಮಾಡಿ ಕೊಡುತ್ತಿದ್ದದ್ದು ಎರಡು ಚಮಚ. ಅದನ್ನು ನೋಡಿ ನನ್ನಲ್ಲಿ ಇರುವುದೇ ಇಷ್ಟು ಎಂದು ಕೊರಗುತ್ತಿದ್ದೆ. ಪಂಪಿಗೆ ಬಂದದ್ದು ಎದೆಯಲ್ಲಿರುವುದರ ಅಳತೆಯಲ್ಲ, ಮಗು ಎಳೆದುಕೊಳ್ಳುವಷ್ಟನ್ನು ಯಂತ್ರ ಎಳೆಯಲಾರದು ಎಂದು ವೈದ್ಯೆಯೊಬ್ಬರು ಹೇಳಿದರೂ ಸಮಾಧಾನವಾಗಿರಲಿಲ್ಲ. ಕೊನೆಗೆ ಸಮಾಧಾನ ದೊರೆತದ್ದು ಶ್ರವಣಬೆಳಗೊಳದಲ್ಲಿ. ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿಸಿದರೂ 58 ಅಡಿಯ ಗೊಮ್ಮಟನ ಪಾದದವರೆಗೆ ಅದು ಇಳಿಯಲಿಲ್ಲವೆಂದೂ, ಅಜ್ಜಿಯೊಬ್ಬಳು ಗುಳ್ಳಕಾಯಿಯಲ್ಲಿ ತಂದ ಗುಟುಕು ಹಾಲು ಮುಡಿಯಿಂದ ಅಡಿಯವರೆಗೆ ಹರಿಯಿತೆಂದೂ ಕಥೆಯಿದೆಯಷ್ಟೆ. ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಮಗಳನ್ನು ಎತ್ತಿಕೊಂಡೇ ಹತ್ತಿ, ಗುಳ್ಳಕಾಯಜ್ಜಿಯ ವಿಗ್ರಹದ ಮುಂದೆ ಏದುಸಿರು ಬಿಡುತ್ತ ನಿಂತಾಗ, ಈಕೆಯೂ ನನ್ನ ಹಾಗೆ ಚಿಲ್ಲರೆ ವ್ಯಾಪಾರಿ ಎಂದು ನನಗೆ ಅನ್ನಿಸಿತು.

ದಸರೆಯ ಹಿಂದೆಯೇ ಹಾಸನಾಂಬೆಯ ಬಾಗಿಲು ತೆರೆಯಿತು. ಆಶ್ವಯುಜ ಹುಣ್ಣಿಮೆಯ ನಂತರದ ಗುರುವಾರ ತೆರೆದರೆ ಬಲಿಪಾಡ್ಯಮಿಯ ಮರುದಿನ ಮುಚ್ಚುವ ಗುಡಿಯದು. ವರ್ಷದಲ್ಲಿ ಉಳಿದ ದಿನ ದರ್ಶನವಿಲ್ಲ. ಸಾಲಿನಲ್ಲಿ ನಿಂತು ಎರಡು ಗಂಟೆಯಾದ ಮೇಲೆ ಅತ್ತೆಯವರು ಸೊಸೆ ಕಲ್ಲಿನ ಕಥೆ ತೆಗೆದರು. ಅತ್ತೆಯ ಕಾಟ ತಾಳದ ಸೊಸೆಗೆ ಒಲಿದ ದೇವಿ ಅವಳನ್ನು ತನ್ನ ಸನ್ನಿಧಿಯಲ್ಲಿ ಕಲ್ಲಾಗಿಸಿದಳೆಂದೂ, ಆ ಕಲ್ಲು ವರ್ಷಕ್ಕೊಂದು ಅಕ್ಕಿಕಾಳಿನಷ್ಟು ದೇವಿಯತ್ತ ಸರಿಯುತ್ತದೆಂದೂ ಹೇಳುವಾಗ ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನಮ್ಮ ಸಾಲೂ ಹೆಚ್ಚುಕಡಿಮೆ ಅದೇ ವೇಗದಲ್ಲಿತ್ತು. ಆಗಲೇ ಮಗಳು ನಿದ್ದೆಯಿಂದ ಎದ್ದು, "ಅಂಗಡಿ ತೆಗಿ, ಅಂಗಡಿ ತೆಗಿ" ಎಂದು ರಂಪ ಹಿಡಿದಳು.

ಮುಂದಿದ್ದ ಹೆಂಗಸು ಕನಿಕರದಿಂದ ತಿರುಗಿ, "ಹಬ್ಬದ ಹೊತ್ನಲ್ಲಿ ಅಂಗಡಿ ಮುಚ್ಚಿ ಬಂದಿದ್ದೀರಾ? ಪಾಪ, ಮಗುಗೂ ಅದೇ ಚಿಂತೆ" ಎಂದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆಯವರು, ಹೌದಮ್ಮ, ಇವಳು ಹೋಗಿ ತೆಗೆಯದಿದ್ದರೆ ಬೇರೆ ಯಾರೂ ತೆಗೆಯುವವರಿಲ್ಲ ಎಂದು ನಿಟ್ಟುಸಿರಿಟ್ಟರು. ಮಾತಿನಲ್ಲಿ ಸುಳ್ಳಿನ ಒಂದಕ್ಷರವೂ ಇರಲಿಲ್ಲ. ಹತ್ತಿಪ್ಪತ್ತು ಮಂದಿ ಪಕ್ಕಕ್ಕೆ ಸರಿದು ನಮಗೆ ದಾರಿ ಬಿಟ್ಟರು. ದರ್ಶನ ಮುಗಿಸಿ ಹೊರಬಂದದ್ದೇ ಅತ್ತೆಯವರು ಗೋಡೆಯ ಮರೆ ಹುಡುಕಿ, ತಮ್ಮ ಸೆರಗನ್ನು ಪರದೆಯಂತೆ ಅಗಲವಾಗಿ ಹಿಡಿದು ನಿಂತು, "ಮೊದಲು ಕುಡಿಸು, ಬಿಡಿಸೋ ಮಾತು ಮನೇಲಿ" ಎಂದರು.

ಬಿಡಿಸುವ ಮಾತು ಮನೆಯಲ್ಲಿ ಮತ್ತೆ ಬಂದದ್ದು ಯುಗಾದಿಯ ನಂತರ. ಬೇವಿನ ಸೊಪ್ಪನ್ನು ಅರೆದು ಹಚ್ಚಿಕೊಂಡರೆ ಎಂತಹ ಮಗುವೂ ಮೂರು ದಿನದಲ್ಲಿ ಬಿಡುತ್ತದೆ ಎಂಬುದು ಅತ್ತೆಯವರ ಅನುಭವ. ನನ್ನ ಪತಿಯನ್ನು ಬಿಡಿಸಿದ್ದು ಹಾಗೆಯೇ ಅಂತೆ. ಹಬ್ಬಕ್ಕೆ ತಂದು ಉಳಿದಿದ್ದ ಬೇವನ್ನು ನುಣ್ಣಗೆ ಅರೆದು ಕೊಟ್ಟರು. ರಾತ್ರಿ ಮಗಳು ಬಂದಳು, ಬಾಯಿ ಹಾಕಿದಳು, ಮುಖವನ್ನು ಹಿಂಡಿದ ನಿಂಬೆಹಣ್ಣಿನಂತೆ ಮಾಡಿ ನನ್ನನ್ನು ದಿಟ್ಟಿಸಿದಳು. ಅಳಲಿಲ್ಲ. ಮೆಲ್ಲಗೆ ಮಂಚದಿಂದ ಇಳಿದು ಅಡುಗೆಮನೆಯ ಕಡೆಗೆ ನಡೆದಳು. ಔಷಧ ನಾಟಿತೆಂದು ನಾವಿಬ್ಬರೂ ಕಣ್ಣಲ್ಲೇ ಮಾತಾಡಿಕೊಂಡೆವು. ಡಬ್ಬಿ ಬಿದ್ದ ಸದ್ದು ಕೇಳಿಸಿತು. ಮೂರು ದಿನದ ಹಿಂದೆ ಅಜ್ಜಿ ಬೇವನ್ನು ಬಾಯಿಗಿಟ್ಟ ತಕ್ಷಣ ಬೆಲ್ಲವನ್ನೂ ಇಟ್ಟದ್ದನ್ನು ನೆನಪಿಟ್ಟುಕೊಂಡಿದ್ದ ಮಗಳು, ಅಂಗೈ ತುಂಬ ಬೆಲ್ಲದ ಪುಡಿಯೊಂದಿಗೆ ಮರಳಿ ಬಂದು, ಅದನ್ನು ಬೇಕಾದ ಕಡೆ ತಾನೇ ಮೆತ್ತಿ, ನಿಶ್ಚಿಂತೆಯಿಂದ ಕುಡಿಯತೊಡಗಿದಳು. ಅತ್ತೆಯವರು ಅಷ್ಟು ನಕ್ಕದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಹಾಸಿಗೆಯಲ್ಲಿ ಚೆಲ್ಲಿದ್ದ ಬೆಲ್ಲಕ್ಕೆ ನಡುರಾತ್ರಿಯಲ್ಲಿ ಕಟ್ಟಿರುವೆಗಳು ಮುತ್ತಿದ ವೃತ್ತಾಂತವನ್ನು ನಾನು ವಿಸ್ತರಿಸುವುದಿಲ್ಲ.

ಅಲ್ಲಿಗೆ ಬಿಡಿಸುವ ಪ್ರಯತ್ನವನ್ನು ನಾವೇ ಬಿಟ್ಟೆವು. ಎರಡು ತುಂಬಿದ ಮೇಲೆ ಅವಳಿಗೆ ಪಕ್ಕದ ಮನೆಯ ಬೆಕ್ಕಿನ ಮರಿಗಳು, ತಾತನ ಟಾರ್ಚು, ಕೋಡುಬಳೆ ಮುಂತಾದ ಹೆಚ್ಚಿನ ವ್ಯವಹಾರಗಳು ಗಂಟುಬಿದ್ದು, ನಾಲ್ಕು ಹೊತ್ತು ಇದ್ದದ್ದು ಎರಡಾಯಿತು, ಎರಡು ಇದ್ದದ್ದು ರಾತ್ರಿಗೊಂದಾಯಿತು. ಕೇಳುವವರು ಕಡಿಮೆಯಾದಂತೆ ದೇಹವೂ ತಯಾರಿಕೆಯನ್ನು ತಗ್ಗಿಸುತ್ತ ಬಂತು. ನಾನು ತರಗತಿಯಲ್ಲಿ ಕಲಿಸುವ ನಿಯಮವನ್ನು ಇಷ್ಟು ಪ್ರಾಮಾಣಿಕವಾಗಿ ಪಾಲಿಸುವ ಇನ್ನೊಂದು ಉದ್ದಿಮೆಯನ್ನು ನಾನು ಕಂಡಿಲ್ಲ. ಒಂದು ರಾತ್ರಿ ಕೇಳಲು ಮರೆತು ಮಲಗಿದಳು. ನಾನು ಮಾತ್ರ ಮೂರು ಗಂಟೆಗೆ ಅಭ್ಯಾಸಬಲದಿಂದ ಎದ್ದು ಕುಳಿತಿದ್ದೆ.

ಕಳೆದ ತಿಂಗಳು ಹಾಸನದ ಬಸ್ ನಿಲ್ದಾಣದಲ್ಲಿ ಹೆಗಲ ಮೇಲೆ ಟವೆಲಿದ್ದ ಆ ಯಜಮಾನರು ಮತ್ತೆ ಸಿಕ್ಕರು. ನಾನು ಗುರುತಿಸುವ ಮೊದಲು ಅವರೇ ಮಗಳನ್ನು ಗುರುತಿಸಿ, ಅಂಗಡಿ ಹೇಗೆ ನಡೆಯುತ್ತಿದೆ ಎಂದು ಕೇಳಿದರು. ಮುಚ್ಚಿದೆವು ಎಂದೆ.

"ನಾನು ಅವತ್ತೇ ಹೇಳಿರಲಿಲ್ವಾ, ಅರ್ಧ ಲೀಟರಿಗೆಲ್ಲ ಗಿಟ್ಟಲ್ಲ ಅಂತ" ಎಂದು ಅವರು ಪ್ರಾಮಾಣಿಕವಾಗಿ ನೊಂದುಕೊಂಡರು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಬೆಂಗಳೂರಿನ ಬೀದಿಬೀದಿಗಳಲ್ಲಿ ಬೇಕರಿ ಇಟ್ಟ ಜಿಲ್ಲೆಯವರಿಗೆ ಖಾಲಿ ಮಳಿಗೆಯೆಂದರೆ ಕೈ ಕಟ್ಟಿ ಕೂರುವುದು ಸಾಧ್ಯವಿಲ್ಲ. ತಮ್ಮ ಭಾವಮೈದುನ ಹಾಸನದಲ್ಲೇ ಬೇಕರಿಗೆ ಜಾಗ ಹುಡುಕುತ್ತಿದ್ದಾನೆಂದೂ, ನಡೆದ ಅಂಗಡಿಯಾದರೆ ಒಳ್ಳೆಯದೆಂದೂ ಹೇಳಿ, ಮುಂಗಡ ಎಷ್ಟು ನಿರೀಕ್ಷಿಸುತ್ತೀರೆಂದು ಕೇಳಿ, ಟಿಕೆಟಿನ ಹಿಂಭಾಗದಲ್ಲಿ ಫೋನು ನಂಬರು ಬರೆದು ನನ್ನ ಕೈಗಿಟ್ಟರು. ನನ್ನ ಪತಿ ಆ ಹೊತ್ತಿಗೆ ಕಡಲೆಕಾಯಿ ತರುವ ನೆಪದಲ್ಲಿ ಕಂಬದ ಹಿಂದೆ ನಿಂತು, ಹೆಗಲು ಕುಣಿಸುತ್ತಿದ್ದರು.